ಜೋಳದ ಮೇಲೆ ಹಳದಿ ಬಾವುಟ

ಲಿಂಕನ್‌ಶೈರ್‌ನಲ್ಲಿ ಮೆಕ್ಕೆಜೋಳದ ಹೊಲದೊಳಗೆ ಜನ ದಾರಿ ಹುಡುಕಿ ಆಡಲೆಂದು ಕಡಿದ ಚಕ್ರವ್ಯೂಹದ ಹೊರಗೆ, ಚಹಾದ ಸಾಲಿನಲ್ಲಿ ನನ್ನ ಮುಂದೆ ತಾಯಿ ಮಗಳು ನಿಂತಿದ್ದರು. ಒಳಹೋಗುವ ಪ್ರತಿ ಮನೆಯವರಿಗೂ ಉದ್ದ ಕೋಲಿನ ಬಾವುಟ ಕೊಡುತ್ತಾರೆ. ದಾರಿ ತಪ್ಪಿದರೆ ಬೀಸಬೇಕು.

“ಹಿಲರಿ, ನಮ್ಮ ಹಳದಿ ಬಾವುಟ ಆಗ್ಲಿಂದ ಅಲ್ಲೇ ನಿಂತಿದೆ ಕಣೇ.”

“ಅಪ್ಪ ಮೊಮ್ಮಗಳು ಟ್ಯಾಮ್‌ಸಿನ್‌ಗೆ ಕತೆ ಹೇಳ್ತಿರ್ತಾರೆ, ಬಿಡಮ್ಮ.”

“ಅವರ ಎದೆನೋವಿನ ಮಾತ್ರೆ ನನ್ನ ಚೀಲದಲ್ಲೇ ಉಳೀತು.”

“ಅರ್ಧ ಗಂಟೆಗೆ ಏನಾಗತ್ತೆ? ಸ್ಕೋನ್ ಬನ್ನಿಗೆ ಜಾಮ್ ಬೇಕಾ?”

“ಬಾವುಟ ಕಾಣ್ತಿಲ್ಲ!”

“ಅದೋ, ಹೊರಟಿತು ನೋಡು. ಸುಮ್ನೆ ಗಾಬರಿ ನಿಂಗೆ.”

“ಅಷ್ಟು ತಗ್ಗಿನಲ್ಲಾ? ನಿಮ್ಮಪ್ಪ ಹಿಡಿದ್ರೆ ಜೋಳದಿಂದ ಎಷ್ಟೋ ಮೇಲೆ ಹಾರ್ತಿತ್ತು.”

ಹಳದಿ ತುದಿ ತೆನೆಗಳ ನಡುವೆ ಮುಳುಗುತ್ತ ಏಳುತ್ತ ಓಡಿ ಬರುತ್ತಿತ್ತು.

“ಅಮ್ಮಾ, ಟ್ಯಾಮ್‌ಸಿನ್ ಒಬ್ಬಳೇ ಬರ್ತಿದ್ದಾಳೆ.”

ಚೀಲದಲ್ಲಿ ಮಾತ್ರೆಯ ಡಬ್ಬಿ ತಡಕುತ್ತಲೇ ತಾಯಿ ಓಡಿದರು, ಹಿಂದೆಯೇ ಮಗಳು.