ಕುಲುಮೆಯ ಬಾಗಿಲು

ಹಲ್ಲಿನ ವೈದ್ಯರ ಕೋಣೆಯ ಹೊರಗೆ ತನ್ನ ಸರದಿಗೆ ಕಾಯುತ್ತಿದ್ದ ದರ್ಜಿಯ ಪಕ್ಕದಲ್ಲೇ ಇಬ್ಬರು ಕುಳಿತಿದ್ದರು. ಒಬ್ಬರು ಕೆನ್ನೆ ಊದಿಸಿಕೊಂಡ, ಪ್ರಯೋಗಾಲಯದ ಕುಲುಮೆ ನೋಡಿಕೊಳ್ಳುವವರು. ಇನ್ನೊಬ್ಬಳು ಅವರನ್ನು ಹುಡುಕಿಕೊಂಡು ಬಂದ ಸಂಶೋಧನಾ ವಿದ್ಯಾರ್ಥಿನಿ. ದರ್ಜಿಯ ಕಣ್ಣು ಪತ್ರಿಕೆಯ ಮೇಲಿತ್ತು, ಕಿವಿ ಮಾತ್ರ ಅವರ ಕಡೆಗಿತ್ತು.

“ಅಣ್ಣ, ಸಿಲಿಕಾನ್ ಬಿಲ್ಲೆ ಮೇಲೆ ಕೂರಿಸಿ ಕುಲುಮೇಲಿ ಕಾಯಿಸಿದ ಗಾರ್ನೆಟ್ ಹರಳಿನ ಪದರ ಈ ಸಲ ಬಿರುಕೇ ಬಿಟ್ಟಿಲ್ಲ. ಕಾಂತಗುಣದಿಂದ ಕೆಲಸ ಮಾಡೋ ಸ್ಪಿನ್ ಚಿಪ್‌ಗೆ ಬೇಕಾದ ಗುಣಾನೂ ಬಂದಿದೆ. ಸೋಮವಾರ ಏನು ಮಾಡಿದ್ರಿ?”

“ಏನೂ ಮಾಡಿಲ್ಲಮ್ಮ. ಹಲ್ಲುನೋವು ಅಂತ ಬೇಗ ಮನೆಗೆ ಹೋದೆ.”

“ಕುಲುಮೆ ಬಾಗಿಲು?”

“ದಿನಾ ಹೋಗುವಾಗ ಒಂದು ಬೆರಳಷ್ಟು ತೆಗೆದಿಡ್ತೀನಿ, ಬೇಗ ಆರಲಿ ಅಂತ. ಅವತ್ತು ಮರೆತೆ.”

“ದಿನಾ ತೆಗೀತಿದ್ರಾ?”

“ಇಪ್ಪತ್ತು ವರ್ಷದಿಂದ. ಬೆಳಗ್ಗೆ ಪಿಂಗಾಣಿ ವಿಭಾಗದವರಿಗೆ ಕುಲುಮೆ ಬೇಕಲ್ಲ.”

ಅವಳು ನಕ್ಕುಬಿಟ್ಟಳು. “ಎರಡು ವರ್ಷ ತಲೆ ಚಚ್ಚಿಕೊಂಡೆ. ಹನ್ನೊಂದು ಪದರ ಬೇಗ ಆರಿ ಒಡೆದದ್ದು ಆ ಒಂದು ಬೆರಳಿಂದ.”

“ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಒಂದೇ ಪದರ ಸರಿ ಬಂದ್ರೆ ಅದೃಷ್ಟ ಅಂತಾರೆ. ಇನ್ನೊಂದು ಬಂದ್ರೆ ನನ್ನ ಪ್ರಬಂಧ ಮುಗೀತು. ಇವತ್ತೇ ಕುಲುಮೇಲಿ ಇಡಲಾ? ಆದ್ರೆ ನಾಳೆ ಮಧ್ಯಾಹ್ನದವರೆಗೂ ಬಾಗಿಲು ತೆಗೆಯೋ ಹಾಗಿಲ್ಲ. ಪಿಂಗಾಣಿಯವರು ಸುಮ್ನಿರಲ್ಲ.”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಕುಲುಮೆಯವರು ಎದ್ದು, ಜೇಬಿನಿಂದ ಕುಲುಮೆ ಕೋಣೆಯ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟರು.

“ಇಡು ಹೋಗು. ಪಿಂಗಾಣಿಯವರು ಕೇಳಿದ್ರೆ ನನ್ನ ಹತ್ರ ಕಳಿಸು. ಹಲ್ಲು ಕೀಳಿಸಿಕೊಂಡೋನು ನಾಳೆ ಮಧ್ಯಾಹ್ನದವರೆಗೂ ಬಾಯಿ ಬಿಡೋ ಹಾಗಿಲ್ಲ.”

ಅವರು ಕೆನ್ನೆ ಹಿಡಿದುಕೊಂಡು ಒಳಗೆ ನಡೆದರು. ಅವಳು ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದುಹೋದಳು.