ಓಕ್‌ವಿಲ್ ದಂಡೆಯ ನಮ್ಮ ಶಾಖೆ

ಸಂಘದ ಅಧ್ಯಕ್ಷರಾದ ಚನ್ನಬಸಯ್ಯನವರೇ, ಹಿಮ ಬೀಳುತ್ತಿದ್ದರೂ ಬರ್ಲಿಂಗ್ಟನ್‌ವರೆಗೆ ಬಂದ ಅತಿಥಿಗಳೇ, ಊಟದ ಪರಿಮಳ ಬಂದರೂ ಕುರ್ಚಿ ಬಿಡದ ಸಭಿಕರೇ,

ಶಾಖೆ ತೆರೆದವರಿಗೆ ಶಾಲು ಹೊದಿಸುವುದನ್ನು ಕಂಡಿದ್ದೇನೆ. ಮುಚ್ಚಿಹೋದ ಶಾಖೆಯ ಸಲಹೆಗಾರನಿಗೆ, ಈ ರಘುನಾಥನಿಗೆ, ಶಾಲು ಹೊದಿಸಿದವರು ನೀವೇ ಮೊದಲು. ಚಳಿಗಾಲ ನೋಡಿ, ಬೇಡವೆನ್ನಲಿಲ್ಲ.

ಪಡುಗಡಲು ಬ್ಯಾಂಕಿನ ಓಕ್‌ವಿಲ್ ಶಾಖೆ ಹುಟ್ಟಿದ್ದು 2016ರ ಬೇಸಿಗೆಯಲ್ಲಿ, ಮುಚ್ಚಿದ್ದು ಕಳೆದ ತಿಂಗಳು. ಅದರ ಚರಿತ್ರೆ ಹೇಳಿ ಎಂದಿದ್ದೀರಿ. ಜಾಗ ನೋಡಲು ಊರಿನಿಂದ ಈ ದೇಶಕ್ಕೆ ಬಂದ ಬ್ಯಾಂಕಿನ ದೊಡ್ಡವರೆಲ್ಲ ಕರಾವಳಿಯವರು. ಬ್ರಾಂಪ್ಟನ್ನಿನ ಪ್ಲಾಜಾ ತೋರಿಸಿದರೆ ಮೂಗು ಮುರಿದರು. ಓಕ್‌ವಿಲ್ಲಿನಲ್ಲಿ ನೀರು ಕಂಡದ್ದೇ ಕಾರು ನಿಲ್ಲಿಸಿದರು. “ಇಲ್ಲೇ ಆಗ್ಲಿ ಮಾರಾಯ್ರೆ. ಕಡಲು ಕಾಣದೆ ನಮ್ಮ ಬ್ಯಾಂಕುಂಟಾ?” ಜೊತೆಗಿದ್ದ ಚನ್ನಬಸಯ್ಯನವರು, “ಅದು ಸಮುದ್ರ ಅಲ್ರೀ ಸಾಹೇಬ್ರ, ಕೆರಿ ಅದು! ಮಂದಿ ಎಲ್ಲಾ ಬ್ರಾಂಪ್ಟನ್ನಾಗ ಅದಾರ” ಎಂದರು. ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲ. ನನಗೂ ನೀರು ಬೇಕಿತ್ತು.

ಯಾರು ಬಂದರು ಆ ಶಾಖೆಗೆ? ದುಡಿಯುವ ಮಕ್ಕಳು ಬರಲಿಲ್ಲ, ಅವರ ಬ್ಯಾಂಕು ಫೋನಿನಲ್ಲೇ ಇತ್ತು. ಬಂದವರು ನಾವು, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟ ಮುದುಕರು. ಖಾತೆ ತೆರೆಯಲು ಬಂದೆವೇ? ಇಲ್ಲ. ಕೂರಲು ಬಂದೆವು. ಊರಿನ ಬ್ಯಾಂಕಿನಲ್ಲಿ ಹರಟೆ ಹೊಡೆದು ಅಭ್ಯಾಸವಾದವರು ನೋಡಿ. ಹೀಟರ್ ಬಳಿಯ ಕುರ್ಚಿಗಳು ಭರ್ತಿ, ಕೌಂಟರು ಖಾಲಿ. ತಪಾಸಣೆಗೆ ಬಂದವರು ಬಾಗಿಲಲ್ಲಿ ಜನ ನೋಡಿ ಹಿಗ್ಗಿದರು, ಒಳಗೆ ಹೋಗಿ ಮುಖ ಸಣ್ಣ ಮಾಡಿಕೊಂಡರು. ನಗಿ, ಆಗ ನಾನೂ ನಕ್ಕಿದ್ದೆ.

ನನ್ನ ಹೆಂಡತಿ ಲೋಲಾಕ್ಷಿಯನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿಲ್ಲ. ಇವತ್ತೂ ಬಂದಿಲ್ಲ. ಮಗನ ಮನೆಗೆ ಬಂದ ಮೇಲೆ ಅವಳ ಮಾತು ಕಡಿಮೆಯಾಗುತ್ತ ಬಂತು. ಮೊಮ್ಮಗಳು ಇಂಚರಾ ಒಳ್ಳೆಯವಳು, ಏನು ಹೇಳಿದರೂ “ಓಕೆ ಅಜ್ಜಿ” ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ನನ್ನೊಡನೆ? ಮಾತ್ರೆ ತಗೊಂಡಿರಾ, ಬಾಗಿಲು ಹಾಕಿದಿರಾ, ಇಷ್ಟೇ.

ನಮ್ಮ ಕೌಂಟರಿನಲ್ಲಿ ದೀಕ್ಷಿತಾ ಎಂಬ ಹುಡುಗಿ ಇದ್ದಳು. ಮಲ್ಪೆಯವಳು, ಕಾಲೇಜು ಓದುತ್ತ ಪಾರ್ಟ್‌ಟೈಮ್ ಕೆಲಸ. ಲೋಲಾಕ್ಷಿ ನನ್ನ ಜೊತೆ ಶಾಖೆಗೆ ಬಂದ ಮೊದಲ ದಿನವೇ ಅವಳನ್ನು ನೋಡಿ, “ವಣಸ್ ಆಂಡಾ ಅಮ್ಮ?” ಎಂದು ತುಳುವಿನಲ್ಲಿ ಊಟ ವಿಚಾರಿಸಿದಳು. ಸಾಕಾಯಿತು. ಇಲ್ಲಿನ ಬಂಗುಡೆ ಮೀನಿಗೆ ರುಚಿಯಿಲ್ಲ ಎಂಬಲ್ಲಿಂದ ಶುರುವಾಯಿತು, ಮತ್ತೆ ನಿಲ್ಲಲಿಲ್ಲ. ನಾನು ಹೀಟರ್ ಬಳಿ ಪೇಪರ್ ಓದುವವನಂತೆ ಕೂತು ಕೇಳಿಸಿಕೊಂಡೆ. ನನ್ನ ಹೆಂಡತಿಗೆ ಈಜು ಬರುತ್ತದೆ ಎಂದು ನನಗೆ ತಿಳಿದದ್ದು ಓಕ್‌ವಿಲ್ ಶಾಖೆಯಲ್ಲಿ, ಸಭಿಕರೇ! ಎಷ್ಟು ವರ್ಷ ಸಂಸಾರ ಮಾಡಿದ್ದೇವೆ ನಾವು!

ಶಾಖೆ ಮುಚ್ಚಿತು. ದೀಕ್ಷಿತಾಗೆ ದೂರದ ಪ್ರಾಂತ್ಯದಲ್ಲಿ ಕೆಲಸ ಸಿಕ್ಕಿತು. ಹೋಗುವಾಗ, “ಅಂಕಲ್, ಅಮ್ಮನ ಹತ್ರ ಮಾತಾಡ್ತಾ ಇರಿ ಆಯ್ತಾ” ಎಂದಳು. ಪ್ರಯತ್ನಪಟ್ಟೆ. ಎದುರು ಕೂತು, ಈಜು ಎಲ್ಲಿ ಕಲಿತೆ ಎಂದು ತುಳುವಿನಲ್ಲೇ ಕೇಳಿದೆ. ಈಗ ಅದೆಲ್ಲ ನಿಮಗೆ ಎಂತಕ್ಕೆ ಎಂದು ಎದ್ದುಹೋದಳು. ಆಮೇಲೆ ಮಾತೇ ಇಲ್ಲ. ಈಗ ಊಟವನ್ನೂ ಅರ್ಧಕ್ಕೆ ಬಿಡುತ್ತಾಳೆ. ನನಗೆ ಭಯವಾಗುತ್ತಿದೆ.

ಚರಿತ್ರೆ ಹೇಳಲು ನಿಂತು ಮನೆಯ ಕಥೆ ಹೇಳಿಬಿಟ್ಟೆ. ಹೇಳಿದ್ದಾಯಿತು, ಇನ್ನು ಕೇಳಿಯೇ ಬಿಡುತ್ತೇನೆ. ತುಳು ಬಲ್ಲ ಹೆಣ್ಣುಮಕ್ಕಳು ಈ ಸಭೆಯಲ್ಲಿ ಇದ್ದೀರಿ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬನ್ನಿ. ಓಕ್‌ವಿಲ್ ಸ್ಟೇಷನ್ನಿಗೆ ನಾನೇ ಬರುತ್ತೇನೆ. ನಾನು ಕರೆದೆನೆಂದು ಮಾತ್ರ ಅವಳಿಗೆ ಹೇಳಬೇಡಿ. ನಿಮ್ಮನ್ನು ಬಾಗಿಲವರೆಗೆ ಬಿಟ್ಟು, ನೀವು ಹೊರಡುವವರೆಗೆ ನಾನು ರಸ್ತೆಯಲ್ಲೇ ಓಡಾಡಿಕೊಂಡಿರುತ್ತೇನೆ. ನಾನಿದ್ದರೆ ಅವಳು ಬಾಯಿ ಬಿಡುವುದಿಲ್ಲ.

ಇಷ್ಟು ಹೊತ್ತು ಕೇಳಿದ್ದೀರಿ, ನಿಮಗೆಲ್ಲ ವಂದನೆಗಳು. ನಮಸ್ಕಾರ.