ಕಡಿಯದೆ ಉಳಿದ ಮೆಳೆ

ಅವತ್ತು ನಮ್ಮ ದೊಡ್ಡಮ್ಮನ ಮಗ ಅಶ್ವತ್ಥಣ್ಣ ಕೆಲಸದಿಂದ ಹೊರಡೋದು ತಡವಾಯ್ತು. ಕಡಕೊಳದ ಹತ್ತಿರ, ಪಾಳುಬಾವಿ ಪಕ್ಕದ ಕಾಲುದಾರಿ. ಅದರಲ್ಲಿ ನಡ್ಕೊಂಡು ಮೇನ್ ರೋಡಿಗೆ ಬಂದು ಮೈಸೂರಿನ ಬಸ್ ಹಿಡೀಬೇಕು. ಸೂರ್ಯ ಮುಳುಗಿದ್ದ. ಮುಖ ಗುರುತು ಸಿಗೋಷ್ಟು ಬೆಳಕಿತ್ತು, ಅಷ್ಟೇ.

ಬಾವಿ ದಾಟಬೇಕು... ಲಟ್.

ಒಣಕಡ್ಡಿ ಮುರಿದ ಸದ್ದು. ಮತ್ತೆ, ಲಟ್... ಲಟ್.

ಎರಡು ಸಾವಿರದ ಏಳನೇ ಇಸವಿ ಅದು. ಅಲ್ಲೊಂದು ಬೀಳು ಜಮೀನು, ಯಾರೋ ಲೇಔಟ್ ಮಾಡಿಸ್ತಿದ್ರು. ಅಣ್ಣ ಸೂಪರ್‌ವೈಸರ್. ಆಳೆತ್ತರದ ಲಂಟಾನ ಪೊದೆ ಕಡಿಯೋಕೆ ತಮಿಳುನಾಡಿಂದ ಒಂದು ಮಷೀನು ತರಿಸಿದ್ರು. ಮುಂದೆ ಉಕ್ಕಿನ ಹಲ್ಲಿನ ಉರುಳೆ. ಗರ್ರ್... ಅಂತ ಪೊದೆ ಅಗಿದು, ಪುಡಿ ಮಾಡಿ, ನೆಲದ ಮೇಲೇ ಚೆಲ್ಲೋದು. ಓಡಿಸ್ತಿದ್ದವನು ಸಣ್ಣಯ್ಯ. ಅಲ್ಲೇ ಟೆಂಟಲ್ಲಿ ಮಲಗ್ತಿದ್ದ.

ಅಣ್ಣ ತಿರುಗಿ ನೋಡ್ತಾನೆ... ಕಡಿಯದೆ ಬಿಟ್ಟಿದ್ದ ಒಂದು ಮೆಳೆಯೊಳಗೆ ಸಣ್ಣಯ್ಯ. ಬೆನ್ನು ಮಾಡ್ಕೊಂಡು ನಿಂತಿದಾನೆ. ತಲೆಗೆ ದಿನಾ ಸುತ್ಕೊಳ್ಳೋ ಅದೇ ಕೆಂಪು ಟವೆಲ್.

"ಏನೋ ಸಣ್ಣಯ್ಯ, ಅಲ್ಲೇನ್ ಮಾಡ್ತಿದೀಯ?"

ಅವನು ತಿರುಗಲಿಲ್ಲ. ಅಲ್ಲಾಡಲೂ ಇಲ್ಲ.

ಡೀಸೆಲ್ ಕದ್ದು ಬಚ್ಚಿಡ್ತಿದಾನೆ ಅನ್ನಿಸ್ತು ಅಣ್ಣನಿಗೆ. ಮಾರನೇ ಸಂಜೆಯೂ ಹಾಗೇ. ಅದರ ಮಾರನೇ ಸಂಜೆಯೂ. ಸುತ್ತಲೂ ಬಯಲಾಗ್ತಿದ್ರೂ ಆ ಮೆಳೆ ಮಾತ್ರ ಹಾಗೇ ಉಳಿದಿತ್ತು. ಅನುಮಾನ ಗಟ್ಟಿಯಾಯ್ತು. ಮಷೀನ್ ಓನರಿಗೆ ಫೋನ್ ಮಾಡಿ, "ಈ ಡ್ರೈವರ್ ಸರಿ ಇಲ್ಲ, ನಾಳೆಗೆ ಬೇರೆಯವನ್ನ ಕಳ್ಸಿ" ಅಂದ.

ಆಮೇಲೆ ಸೀದಾ ಟೆಂಟಿಗೆ ಹೋದ. ಸಣ್ಣಯ್ಯ ಒಲೆ ಮೇಲೆ ಅನ್ನಕ್ಕಿಟ್ಟಿದ್ದ.

"ಮೆಳೇಲಿ ಏನ್ ಬಚ್ಚಿಟ್ಟಿದೀಯ? ನಿಜ ಹೇಳು."

"ನಾನಾ?" ಸಣ್ಣಯ್ಯ ಎದ್ದು ನಿಂತ. "ಬಸ್ಸಿಗೆ ಅಂತ ಹೊಂಟು, ವಾಪಸ್ ಬಂದು ಅಲ್ಲಿ ನಿಂತ್ಕಳೋದು ನೀವಲ್ವಾ ಸಾರ್? ನನ್ನ ಕಾಯಕ್ಕೇ ನಿಂತವ್ರೆ ಅಂದ್ಕಂಡೆ. ಕೂಗಿದ್ರೂ ತಿರುಗಲ್ಲ ನೀವು. ಅದಕ್ಕೇ ಆ ಕಡೆ ಮಷೀನ್ ತಿರುಗಿಸ್ನಿಲ್ಲ..."

ಸುಳ್ಳು, ಅಂದ್ಕೊಂಡ ಅಣ್ಣ. ಸಣ್ಣಯ್ಯನೂ ಅವನನ್ನ ಹಾಗೇ ನೋಡ್ತಿದ್ದ.

"ನಡಿ, ಇಬ್ರೂ ನೋಡೋಣ." ಎಲ್ಲಿ ತಪ್ಪಿಸ್ಕೊಂಡು ಹೋಗ್ತಾನೋ ಅಂತ ಅಣ್ಣ ಅವನ ರಟ್ಟೆ ಹಿಡ್ಕೊಂಡೇ ಹೊರಟ.

ಬಾವಿ ಹತ್ತಿರ ನಿಂತ್ರು. ಜೀರುಂಡೆ ಸದ್ದೂ ಇಲ್ಲ.

ಲಟ್.

"ಸಾರ್..."

"ಶ್... ಮಾತಾಡ್ಬೇಡ."

ಮೆಳೇಲಿ ಇಬ್ಬರಿದ್ರು. ಒಬ್ಬನ ತಲೇಲಿ ಕೆಂಪು ಟವೆಲ್. ಇನ್ನೊಬ್ಬನ ಹೆಗಲಲ್ಲಿ ಅಣ್ಣನ ಬ್ಯಾಗು... ಆ ಬ್ಯಾಗು ಆಗ ಅಣ್ಣನ ಹೆಗಲಲ್ಲೇ ಇತ್ತು. ಅವನೂ ಪಕ್ಕದವನ ರಟ್ಟೆ ಹಿಡ್ಕೊಂಡಿದ್ದ.

"ಓಡಣ ಸಾರ್... ಕೈ ಮಾತ್ರ ಬುಡಬೇಡಿ," ಸಣ್ಣಯ್ಯ ಪಿಸುಗುಟ್ಟಿದ.

ಬಿಡಲಿಲ್ಲ. ಮೇನ್ ರೋಡಿನವರೆಗೂ ಬಿಡಲಿಲ್ಲ. ಆ ರಾತ್ರಿ ಸಣ್ಣಯ್ಯ ಮಲಗಿದ್ದು ಮೈಸೂರಿನ ರಾಮಕೃಷ್ಣನಗರದಲ್ಲಿ, ನಮ್ಮ ದೊಡ್ಡಮ್ಮನ ಮನೆ ಪಡಸಾಲೇಲಿ. ಬೆಳಿಗ್ಗೆ ಇಬ್ಬರಿಗೂ ಕೆಂಡದಂಥ ಜ್ವರ. ಅಣ್ಣ ಜ್ವರದಲ್ಲೇ ಓನರಿಗೆ ಮತ್ತೆ ಫೋನ್ ಮಾಡಿ, "ಸಣ್ಣಯ್ಯಂದು ತಪ್ಪಿಲ್ಲ, ಅವನನ್ನ ತೆಗೀಬೇಡಿ" ಅಂದ. ಅಷ್ಟರಲ್ಲಿ ಹೊಸ ಡ್ರೈವರ್ ಮಂಟಯ್ಯ ಹೊರಟಾಗಿತ್ತು.

ಸಂಜೆ ಮಂಟಯ್ಯನ ಫೋನು.

"ಉಳ್ದಿದ್ದ ಮೆಳೆ ಕಡ್ದಾಯ್ತು ಸಾರ್. ಆದ್ರೆ ಎಂಥಾ ಜನ ಸಾರ್ ನಿಮ್ಮೋರು? ಇಬ್ರು ಅಲ್ಲೇ ಕೈ ಕೈ ಹಿಡ್ಕಂಡು ನಿಂತ್ಬುಟ್ಟವ್ರೆ. ಎಷ್ಟು ಹಾರನ್ ಹೊಡೆದ್ರೂ ಜರುಗ್ಲಿಲ್ಲ. ಅವ್ರನ್ನ ಬುಟ್ಟು ಸುತ್ತ ಕಡ್ದೆ."

ಜ್ವರ ಇಳಿದ ಮೇಲೆ ಅಣ್ಣ ಹೋಗಿ ನೋಡಿದ. ಕಟ್ಟುಕತೆ ಅನ್ಬೇಡಿ. ಅವನ ಹಿಂದೆ ಸ್ಕೂಟರಲ್ಲಿ ಹೋಗಿ ನಾನೂ ನೋಡಿದೀನಿ ಕಣ್ರೀ. ನೆಲದ ತುಂಬ ಗೇಣು ದಪ್ಪ ಲಂಟಾನದ ಪುಡಿ. ಒಂದು ಕಡೆ ಮಾತ್ರ, ಇಬ್ಬರ ನಾಲ್ಕು ಪಾದ ಊರುವಷ್ಟು ಜಾಗದಲ್ಲಿ, ಬರೀ ಕೆಮ್ಮಣ್ಣು.